ಡೇಕೇರ್ ನೋಡಲು ಸಂಜೆ ಐದೂವರೆಗೆ ಹೋಗಿ

ಡೇಕೇರ್ ನೋಡೋಕೆ ಬರ್ತೀವಿ ಅಂತ ಫೋನ್ ಮಾಡಿದರೆ ಸಾಮಾನ್ಯವಾಗಿ ಶನಿವಾರ ಬೆಳಗ್ಗೆ ಹನ್ನೊಂದಕ್ಕೆ ಬನ್ನಿ ಅನ್ನುತ್ತಾರೆ. ಆ ಹೊತ್ತಿಗೆ ನೆಲ ಒರೆಸಿರುತ್ತದೆ. ಮಕ್ಕಳು ಕಡಿಮೆ ಇರುತ್ತಾರೆ. ಆಟದ ಸಾಮಾನೆಲ್ಲ ಬುಟ್ಟಿಯಲ್ಲಿ ಕೂತಿರುತ್ತದೆ. ನಾವೂ ಹಾಗೇ ಹೋಗಿದ್ದೆವು. ಗೋಡೆ ಮೇಲಿನ ಜಿರಾಫೆ ಚಿತ್ರ ನೋಡಿ ಮಗುವಿಗಿಂತ ನಮಗೇ ಖುಷಿಯಾಯಿತು. ಅಲ್ಲೇ ಅಡ್ವಾನ್ಸ್ ಕಟ್ಟಿ ಬಂದೆವು. ಮಗಳಿಗೆ ಆಗ ಹನ್ನೊಂದು ತಿಂಗಳು.

ಎರಡು ತಿಂಗಳಲ್ಲಿ ಅವಳನ್ನು ನೋಡಿಕೊಳ್ಳುವ ಆಯಾ ಮೂರು ಸಲ ಬದಲಾದರು. ಒಂದು ದಿನ ಆಫೀಸಿನಲ್ಲಿ ಕೆಲಸ ಬೇಗ ಮುಗಿದು, ಹೇಳದೆ ಕೇಳದೆ ಐದೂವರೆಗೇ ಹೋದೆ. ಹದಿನಾಲ್ಕು ಮಕ್ಕಳು, ಒಬ್ಬರೇ ಆಯಾ. ಟಿವಿ ಜೋರಾಗಿ ಓಡುತ್ತಿತ್ತು. ಮಗಳು ಒದ್ದೆ ಡೈಪರ್‌ನಲ್ಲಿ ಮೂಲೆಯಲ್ಲಿ ಕೂತಿದ್ದಳು. ಅಳುತ್ತಿರಲಿಲ್ಲ. ಮನೆಯಲ್ಲಿ ಡೈಪರ್ ಸ್ವಲ್ಪ ಒದ್ದೆಯಾದರೂ ಊರು ಎಬ್ಬಿಸುವ ಹುಡುಗಿ ಅಲ್ಲಿ ಸುಮ್ನೆ ಕೂತಿದ್ದನ್ನು ನೋಡಿ ಹೊಟ್ಟೆಯೊಳಗೆ ಏನೋ ಆಯಿತು. ತಿಂಗಳು ಮುಗಿಯುವ ಮೊದಲೇ ಬಿಡಿಸಿದೆವು. ಅಡ್ವಾನ್ಸ್ ವಾಪಸ್ ಬರಲಿಲ್ಲ.

ಎರಡನೇ ಸಲ ಹುಡುಕುವಾಗ ಆರು ಕಡೆ ನೋಡಿದೆವು. ಆಗ ಕಲಿತದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ. ಮೊದಲ ಸಲ ನಾವು ಕಟ್ಟಡ ನೋಡಿದ್ದೆವು, ಮಗುವನ್ನು ಎತ್ತಿಕೊಳ್ಳುವವರನ್ನು ನೋಡಿರಲಿಲ್ಲ.

1. ಮೊದಲು ನಿಮ್ಮ ದಿನವನ್ನು ಹಾಳೆಯ ಮೇಲೆ ಬರೆಯಿರಿ

ಫೀಸು, ಹೆಸರು, ರೇಟಿಂಗ್ ಎಲ್ಲ ಆಮೇಲೆ. ಮನೆ ಬಿಡುವುದು ಎಷ್ಟಕ್ಕೆ, ವಾಪಸ್ ಬರುವುದು ಎಷ್ಟಕ್ಕೆ ಅಂತ ಗಂಡ ಹೆಂಡತಿ ಇಬ್ಬರದ್ದೂ ಬರೆದುಕೊಳ್ಳಿ. ಮ್ಯಾಪ್ ತೋರಿಸುವ ಟೈಮು ಬರೆಯಬೇಡಿ. ಮಳೆ ಬಂದ ಸಂಜೆ ನಿಜವಾಗಿ ಎಷ್ಟು ಹೊತ್ತಾಯಿತು, ಅದನ್ನು ಬರೆಯಿರಿ. ನಮ್ಮ ಮನೆ ಬೆಂಗಳೂರಿನ ವಿಜಯನಗರದಲ್ಲಿ. ನಾನು ಕೆಲಸ ಮಾಡುವುದು ಪೀಣ್ಯದಲ್ಲಿ, ಹೆಂಡತಿ ಬೆಳ್ಳಂದೂರಿನಲ್ಲಿ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟಿ ಬರಬೇಕಾದವರು ಸಂಜೆ ಇಷ್ಟೇ ಹೊತ್ತಿಗೆ ಬರುತ್ತೇನೆ ಅಂತ ಮಾತು ಕೊಡಲು ಆಗುವುದಿಲ್ಲ. ಹಾಗಾಗಿ ಕರೆತರುವ ಕೆಲಸ ಹೆಚ್ಚಾಗಿ ನನ್ನದಾಯಿತು.

ಮನೆ ಹತ್ತಿರ ಒಳ್ಳೆಯದೋ, ಆಫೀಸ್ ಹತ್ತಿರವೋ? ಒಂದು ವರ್ಷ ದಾಟಿದ ಮಗುವಾದರೆ ಮನೆ ಹತ್ತಿರ ಅನ್ನುವುದೇ ನನ್ನ ಅಭಿಪ್ರಾಯ. ದಿನಕ್ಕೆ ಎರಡು ಗಂಟೆ ಕಾರ್ ಸೀಟಿನಲ್ಲಿ ಕಟ್ಟಿ ಕೂರಿಸುವುದು ಮಗುವಿಗೂ ಹಿಂಸೆ. ಕೆಲಸ ಬದಲಾದರೆ ಡೇಕೇರೂ ಬದಲಾಗಬೇಕಾಗುತ್ತದೆ. ಆಫೀಸ್ ಪಕ್ಕದಲ್ಲಿದ್ದರೆ ವರ್ಕ್ ಫ್ರಮ್ ಹೋಮ್ ದಿನ ಏನು ಮಾಡುತ್ತೀರಿ? ಪಕ್ಕದ ಮನೆಯವರೋ, ನೆಂಟರೋ ನಡೆದುಕೊಂಡು ಹೋಗಿ ಕರೆತರುವಷ್ಟು ದೂರದಲ್ಲಿದ್ದರೆ ಒಂದು ಜೀವ ಉಳಿದಂತೆ.

ಹಾಲು ಕುಡಿಯುವ ಮಗುವಾದರೆ ಲೆಕ್ಕ ಬೇರೆ. ಹೆರಿಗೆ ಸೌಲಭ್ಯ ಕಾನೂನಿನ 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರ ಹೆರಿಗೆ ರಜೆ ಇದೆ. ಕೇಳೋಕೆ ಆರು ತಿಂಗಳು. ಆದರೆ ಅದರಲ್ಲಿ 8 ವಾರವನ್ನು ಹೆರಿಗೆಗೆ ಮೊದಲೇ ತೆಗೆದುಕೊಂಡಿದ್ದರೆ ಹೆರಿಗೆಯ ನಂತರ ಉಳಿಯುವುದು 18 ವಾರ, ಅಂದರೆ ನಾಲ್ಕು ತಿಂಗಳ ಚಿಲ್ಲರೆ. ಡಾಕ್ಟರುಗಳು ಆರು ತಿಂಗಳು ತುಂಬುವವರೆಗೂ ಎದೆಹಾಲು ಮಾತ್ರ ಅನ್ನುತ್ತಾರೆ. ನಡುವಿನ ಈ ಸುಮಾರು ಎರಡು ತಿಂಗಳು ಎಷ್ಟೋ ಮನೆಗಳಲ್ಲಿ ಯಾರ ಗಮನಕ್ಕೂ ಬರುವುದಿಲ್ಲ. ರಜೆ ಹಾಕುವ ಮೊದಲೇ ಕೂತು ಲೆಕ್ಕ ಹಾಕಿ.

ಅದೇ ಕಾನೂನಿನಲ್ಲಿ ಇನ್ನೊಂದು ಮಾತಿದೆ. 50 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರಲು ಬಿಡಬೇಕು. ನಿಮ್ಮ ಕಂಪನಿಯಲ್ಲಿ ಇದೆಯಾ ಅಂತ ಎಚ್‌ಆರ್ ಅನ್ನು ಕೇಳಿ. ಮೇಲ್ ಮಾಡಿಯೇ ಕೇಳಿ, ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದರೆ ‘ನೋಡೋಣ’ ಅಂತ ಉತ್ತರ ಬರುತ್ತದೆ. ಹತ್ತಿರದ ಡೇಕೇರ್ ಜೊತೆ ಒಪ್ಪಂದ ಮಾಡಿಕೊಂಡು ಫೀಸಿನ ಒಂದು ಪಾಲು ತಾವೇ ಕಟ್ಟುವ ಕಂಪನಿಗಳೂ ಇವೆ.

2. ಅಜ್ಜಿಯನ್ನು ಕೇಳಿದಿರಾ? ಸರಿಯಾಗಿ ಕೇಳಿದಿರಾ?

ನಮ್ಮಲ್ಲಿ ಮೊದಲ ಯೋಚನೆ ಊರಿನಿಂದ ಅಮ್ಮನನ್ನು ಕರೆಸುವುದು. ನನ್ನಮ್ಮ ತಿಪಟೂರಿನಿಂದ ಬಂದು ಆರು ತಿಂಗಳಿದ್ದರು. ಮನೆ ಎರಡನೇ ಮಹಡಿ, ಲಿಫ್ಟ್ ಇಲ್ಲ. ಮಂಡಿ ನೋವಿನ ಬಗ್ಗೆ ನಮ್ಮ ಹತ್ತಿರ ಒಂದು ದಿನವೂ ಹೇಳಲಿಲ್ಲ. ಒಂದು ಮಧ್ಯಾಹ್ನ ಚಿಕ್ಕಮ್ಮನ ಜೊತೆ ಫೋನಿನಲ್ಲಿ ‘ಮಗು ಹಿಂದೆ ಓಡೋಕಾಗಲ್ಲ ಕಣೇ, ಇಲ್ಲಿ ಮಾತಾಡೋಕೂ ಯಾರೂ ಇಲ್ಲ’ ಅನ್ನುವುದು ಕಿವಿಗೆ ಬಿತ್ತು. ನಾವು ಕೇಳಿದ್ದರೆ ‘ನನಗೇನಾಗಿದೆ, ಗುಂಡುಕಲ್ಲಿನಂಗಿದೀನಿ’ ಅಂತಿದ್ದರು.

ಹಾಗಾಗಿ ಆಗುತ್ತಾ ಅಂತ ಕೇಳಬೇಡಿ. ಎಷ್ಟು ಗಂಟೆ ಆಗುತ್ತೆ, ವಾರಕ್ಕೆ ಎಷ್ಟು ದಿನ ಆಗುತ್ತೆ ಅಂತ ಕೇಳಿ. ಈಗ ನಮ್ಮ ಏರ್ಪಾಡು ಇದು: ಮಗಳು ದಿನಾ ಡೇಕೇರಿಗೆ ಹೋಗುತ್ತಾಳೆ. ಅಮ್ಮ ಹಬ್ಬದ ಹಿಂದೆ ಮುಂದೆ, ಮಗುವಿಗೆ ಹುಷಾರಿಲ್ಲದಾಗ ಬರುತ್ತಾರೆ. ಬಂದಾಗ ಅಜ್ಜಿಯಾಗಿ ಇರುತ್ತಾರೆ, ಡ್ಯೂಟಿ ಮೇಲೆ ಇರುವುದಿಲ್ಲ.

ಮನೆಗೇ ಒಬ್ಬರನ್ನು ಇಟ್ಟುಕೊಳ್ಳುವುದು ಇನ್ನೊಂದು ದಾರಿ. ಅವಳಿ ಮಕ್ಕಳಿದ್ದರೆ, ಪದೇ ಪದೇ ಕಾಯಿಲೆ ಬೀಳುವ ಮಗುವಾದರೆ, ರಾತ್ರಿ ಪಾಳಿ ಇದ್ದರೆ ಇದೇ ವಾಸಿ. ಏಜೆನ್ಸಿಯಿಂದ ಬಂದರೂ ಅವರ ಹಳೆಯ ಮನೆಯವರ ನಂಬರ್ ತೆಗೆದುಕೊಂಡು ನೀವೇ ಫೋನ್ ಮಾಡಿ. ‘ಹೇಗಿದ್ದರು’ ಅಂದರೆ ಎಲ್ಲರೂ ಚೆನ್ನಾಗಿದ್ದರು ಅನ್ನುತ್ತಾರೆ. ‘ಯಾಕೆ ಬಿಟ್ಟರು, ಮತ್ತೆ ಇಟ್ಟುಕೊಳ್ಳುತ್ತೀರಾ’ ಅಂತ ಕೇಳಿ. ಆಧಾರ್ ಪ್ರತಿ ಇಟ್ಟುಕೊಳ್ಳಿ. ಪೊಲೀಸ್ ವೆರಿಫಿಕೇಶನ್‌ಗೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಮೊದಲ ಒಂದು ವಾರವಾದರೂ ನೀವು ಮನೆಯಲ್ಲಿರುವಾಗಲೇ ಕೆಲಸ ಮಾಡಲಿ. ವಾರಕ್ಕೊಂದು ರಜೆ, ಹಬ್ಬಕ್ಕೆ ಬೋನಸ್ಸು, ಕಾಯಿಲೆ ಬಂದರೆ ಸಂಬಳ ಹಿಡಿಯುವುದಿಲ್ಲ ಅನ್ನುವುದನ್ನು ಮೊದಲ ದಿನವೇ ಮಾತಾಡಿಬಿಡಿ. ನಿಮ್ಮ ಮಗುವನ್ನು ಎತ್ತಿಕೊಂಡಿರುವವರ ಹತ್ತಿರ ಐನೂರು ರೂಪಾಯಿಗೆ ಚೌಕಾಸಿ ಮಾಡುವುದು ನನಗಂತೂ ಅರ್ಥವಾಗುವುದಿಲ್ಲ. ಇನ್ನೊಂದು ಮಾತು. ‘ಊರಿಂದ ಒಂದು ಚಿಕ್ಕ ಹುಡುಗಿ ಕರ್ಕೊಂಬರ್ತೀವಿ, ಮಗು ಆಡಿಸ್ಕೊಂಡಿರ್ತಾಳೆ’ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. 14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರಿಂದಲೇ ಕಾನೂನಿಗೆ ವಿರುದ್ಧ. ಅವಳೂ ಯಾರದ್ದೋ ಮಗು ಅಲ್ವಾ.

ಅಂಗನವಾಡಿಯನ್ನು ಮಧ್ಯಮ ವರ್ಗದವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೂರು ವರ್ಷ ದಾಟಿದ ಮಗುವಿದ್ದು, ಮಧ್ಯಾಹ್ನದ ನಂತರ ಮನೆಯಲ್ಲಿ ಯಾರಾದರೂ ಇದ್ದರೆ ಒಮ್ಮೆ ಹೋಗಿ ನೋಡಿ. 2024ರಲ್ಲಿ ಬೆಂಗಳೂರಿನ ಹಲವು ಅಂಗನವಾಡಿಗಳಲ್ಲಿ ಎಲ್‌ಕೆಜಿ, ಯುಕೆಜಿ ಕೂಡ ಶುರುವಾಗಿದೆ. ಸಂಜೆ ಏಳರವರೆಗೆ ಅಂತೂ ಇರುವುದಿಲ್ಲ, ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಅದೊಂದೇ ಸಾಲದು. ಸರ್ಕಾರದ ‘ಕೂಸಿನ ಮನೆ’ ಅನ್ನುವ ಶಿಶುಪಾಲನಾ ಕೇಂದ್ರ ಇರುವುದು ಗ್ರಾಮ ಪಂಚಾಯಿತಿಗಳಲ್ಲಿ, ನಗರದೊಳಗಿನವರಿಗೆ ಅದು ಸಿಗುವುದಿಲ್ಲ.

ಇನ್ನು ಉಳಿದದ್ದು ಡೇಕೇರ್. ಮುಂದಿನ ಮಾತೆಲ್ಲ ಅದರ ಬಗ್ಗೆಯೇ.

3. ಫೋನಿನಲ್ಲೇ ಅರ್ಧ ಪಟ್ಟಿ ಹೊಡೆದುಹಾಕಿ

ಎಲ್ಲ ಕಡೆ ಓಡಾಡುವ ಅಗತ್ಯ ಇಲ್ಲ. ಎಷ್ಟು ತಿಂಗಳ ಮಗುವನ್ನು ಸೇರಿಸಿಕೊಳ್ಳುತ್ತೀರಿ? ನನ್ನ ಮಗುವಿನ ವಯಸ್ಸಿನವರು ಈಗ ಎಷ್ಟು ಜನ ಇದ್ದಾರೆ, ಅವರಿಗೆ ಎಷ್ಟು ಆಯಾ? ಸಂಜೆ ಕೊನೆಯ ಮಗು ಹೋಗುವುದು ಎಷ್ಟಕ್ಕೆ? ಯಾವಾಗ ಬೇಕಾದರೂ ಹೇಳದೆ ಬರಬಹುದಾ? ಈ ನಾಲ್ಕು ಸಾಕು. ಕೊನೆಯ ಪ್ರಶ್ನೆಗೆ ‘ಇಲ್ಲ, ಮಕ್ಕಳಿಗೆ ಡಿಸ್ಟರ್ಬ್ ಆಗುತ್ತೆ’ ಅಂದರೆ ಥ್ಯಾಂಕ್ಸ್ ಹೇಳಿ ಫೋನ್ ಇಡಿ. ಮಲಗುವ ಹೊತ್ತಿನಲ್ಲಿ ಒಳಗೆ ಬರಬೇಡಿ ಅನ್ನುವುದು ಬೇರೆ, ಅದು ನ್ಯಾಯ. ಯಾವತ್ತೂ ಗೇಟಿನಿಂದ ಒಳಗೆ ಬಿಡುವುದಿಲ್ಲ ಅನ್ನುವ ಜಾಗ ಬೇಡ.

4. ಸಂಜೆ ಐದೂವರೆ

ಬೆಳಗ್ಗೆ ಒಂದು ಸಲ ಹೇಳಿ ಹೋಗಿ, ತೊಂದರೆಯಿಲ್ಲ. ಆದರೆ ಇಷ್ಟವಾದ ಎರಡು ಮೂರು ಜಾಗಗಳಿಗೆ ಸಂಜೆ ಐದೂವರೆಯಿಂದ ಆರೂವರೆ ಒಳಗೆ ಮತ್ತೊಮ್ಮೆ ಹೋಗಲೇಬೇಕು. ಆ ಹೊತ್ತಿಗೆ ಮಕ್ಕಳಿಗೂ ಸಾಕಾಗಿರುತ್ತದೆ, ಆಯಾಗಳಿಗೂ ಸಾಕಾಗಿರುತ್ತದೆ. ಕೆಲವು ಆಯಾಗಳು ಐದಕ್ಕೇ ಮನೆಗೆ ಹೋಗಿರುತ್ತಾರೆ. ಡೇಕೇರ್ ನಡೆಸುವ ಮೇಡಂ ಕೂಡ ಹೊರಟಿರಬಹುದು. ಆಗ ಉಳಿದಿರುವುದು ನಿಜವಾದ ಡೇಕೇರ್.

ಒಳಗೆ ಹೋದ ಮೇಲೆ ಮಾತು ಕಡಿಮೆ ಮಾಡಿ. ಹದಿನೈದು ನಿಮಿಷ ಒಂದು ಕಡೆ ಕೂತುಬಿಡಿ. ಒಂದು ಮಗು ಅತ್ತಾಗ ಏನಾಗುತ್ತದೆ? ಕೂತಲ್ಲಿಂದಲೇ ‘ಏಯ್ ಸುಮ್ನಿರು’ ಅನ್ನುತ್ತಾರಾ, ಎದ್ದು ಬರುತ್ತಾರಾ? ಮಗುವಿನ ಹೆಸರು ಹಿಡಿದು ಕರೆಯುತ್ತಾರಾ? ಸಿಂಬಳ ಒರೆಸುವಾಗ ಕೈ ಹೇಗಿರುತ್ತದೆ ನೋಡಿ. ಅದನ್ನು ಯಾರೂ ನಟಿಸಲು ಆಗುವುದಿಲ್ಲ, ಅದೂ ಸಂಜೆ ಆರಕ್ಕೆ. ಮಕ್ಕಳನ್ನೂ ನೋಡಿ. ಗಲಾಟೆ ಇರುವುದು ಒಳ್ಳೆಯ ಲಕ್ಷಣ. ಒಂದೂವರೆ ವರ್ಷದ ಎಂಟು ಮಕ್ಕಳು ಸಾಲಾಗಿ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಟಿವಿ ಇರಬೇಕು ಅಥವಾ ಭಯ ಇರಬೇಕು. ಟಿವಿಯ ಮಾತು ಬಂದಿದ್ದಕ್ಕೆ: ಎರಡು ವರ್ಷದೊಳಗೆ ಪರದೆಯೇ ಬೇಡ, ಎರಡರಿಂದ ಐದು ವರ್ಷದವರೆಗೆ ದಿನಕ್ಕೆ ಒಂದು ಗಂಟೆಯೊಳಗೆ ಅಂತ ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳಿದೆ. ‘ರೈಮ್ಸ್ ಮಾತ್ರ ಹಾಕ್ತೀವಿ ಸರ್’ ಅಂದರೆ ಎಷ್ಟು ಹೊತ್ತು ಅಂತ ಕೇಳಿ.

ತಲೆ ಎಣಿಸಿ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲಿ ಮೂರು ವರ್ಷದೊಳಗಿನ 10 ಮಕ್ಕಳಿಗೆ ತರಬೇತಿಯಾದ ಒಬ್ಬರು, ಮೂರು ದಾಟಿದ 20 ಮಕ್ಕಳಿಗೆ ಒಬ್ಬರು, ಜೊತೆಗೆ ಸಹಾಯಕಿ ಇರಬೇಕು ಅಂತ ಇದೆ. ಕಂಪನಿಗಳು ನಡೆಸುವ ಕೇಂದ್ರಗಳಿಗಾಗಿ ಮಾಡಿದ ಲೆಕ್ಕ ಅದು. ನನ್ನ ಕೇಳಿದರೆ ನಡೆಯಲು ಬಾರದ ಮಕ್ಕಳಿಗೆ ಅದೂ ತೀರಾ ಜಾಸ್ತಿ. ಬೆಂಕಿ ಬಿದ್ದರೆ ಒಬ್ಬರು ಎಷ್ಟು ಕೂಸುಗಳನ್ನು ಎತ್ತಿಕೊಂಡು ಓಡಬಹುದು? ಕಂಕುಳಿಗೊಂದು, ಎರಡು. ಒಂದು ವರ್ಷದೊಳಗಿನ ಮಕ್ಕಳಿಗೆ ಮೂರು ನಾಲ್ಕಕ್ಕೆ ಒಬ್ಬರಾದರೂ ಇರಲಿ. ಎಣಿಸುವಾಗ ಅಡುಗೆಯವರನ್ನು, ಗೇಟಿನವರನ್ನು, ರಿಸೆಪ್ಷನ್‌ನವರನ್ನು ಬಿಟ್ಟು ಎಣಿಸಿ.

ಆಮೇಲೆ ಎದ್ದು ಓಡಾಡಿ. ಬೆಂಗಳೂರಿನ ಎಷ್ಟೋ ಡೇಕೇರ್‌ಗಳು 30x40 ಸೈಟಿನ ಬಾಡಿಗೆ ಮನೆಗಳಲ್ಲಿ ನಡೆಯುತ್ತವೆ. ಮನೆಯಾಗಿ ಕಟ್ಟಿದ್ದು, ಮಕ್ಕಳಿಗಾಗಿ ಅಲ್ಲ. ಹಾಗಾಗಿ ಮೊದಲು ಸಂಪು ಎಲ್ಲಿದೆ ಕೇಳಿ. ಕಾರ್ ನಿಲ್ಲಿಸುವ ಜಾಗದಲ್ಲೋ, ಗೇಟಿನ ಪಕ್ಕದಲ್ಲೋ ಇರುತ್ತದೆ. ಮುಚ್ಚಳಕ್ಕೆ ಬೀಗ ಇರಬೇಕು. ಸುಮ್ನೆ ತಗಡು ಮುಚ್ಚಿದ್ದರೆ ಸಾಲದು. ಟ್ಯಾಂಕರ್ ನೀರು ಬರುವ ಏರಿಯಾ ಆದರೆ ಟ್ಯಾಂಕರ್ ಬಂದಾಗ ಮುಚ್ಚಳ ತೆಗೆಯುವವರು ಯಾರು, ಆಗ ಮಕ್ಕಳು ಎಲ್ಲಿರುತ್ತಾರೆ? ಇದನ್ನು ಕೇಳಿದಾಗ ಒಬ್ಬರು ‘ಇಷ್ಟು ವರ್ಷದಲ್ಲಿ ಇದನ್ನ ಕೇಳಿದವರು ನೀವೇ ಮೊದಲು’ ಅಂದರು. ಹೊಗಳಿಕೆಯೋ ಬೈಗುಳವೋ ಗೊತ್ತಾಗಲಿಲ್ಲ.

ನೆಲಮಹಡಿಯಾದರೆ ಒಳ್ಳೆಯದು. ಮೆಟ್ಟಿಲಿಗೆ ಅಡ್ಡ ಗೇಟ್, ಬಾಲ್ಕನಿಗೆ ಗ್ರಿಲ್ ಇರಲಿ. ಗೇಟಿನ ಚಿಲಕ ಮಗುವಿನ ಕೈಗೆ ಎಟುಕಬಾರದು. ಗ್ಯಾಸ್ ಸಿಲಿಂಡರ್, ಯುಪಿಎಸ್ ಬ್ಯಾಟರಿ ಮಕ್ಕಳು ಹೋಗದ ಕಡೆ ಇರಲಿ. ಹೊರಗೆ ಹೋಗಲು ಎರಡನೇ ಬಾಗಿಲು ಇದ್ದು, ಅದಕ್ಕೆ ಅಡ್ಡವಾಗಿ ಅಕ್ಕಿ ಮೂಟೆ ಇಟ್ಟಿರಬಾರದು. ಕಿಟಕಿಗೆ ಸೊಳ್ಳೆ ಪರದೆ, ಹೂಕುಂಡದ ತಟ್ಟೆಯಲ್ಲಿ ನೀರು ನಿಂತಿದೆಯಾ, ಇವನ್ನೂ ನೋಡಿ. ಮಳೆಗಾಲದಲ್ಲಿ ನಮ್ಮೂರಿನಲ್ಲಿ ಡೆಂಗಿ ಹೇಳಿ ಬರುವುದಿಲ್ಲ.

ಟಾಯ್ಲೆಟ್ಟಿನ ವಾಸನೆ ನೋಡಿ. ಫಿನಾಯಿಲ್ ಘಾಟು ಮೂಗಿಗೆ ಹೊಡೆಯುತ್ತಿದ್ದರೆ ಅದೂ ಒಳ್ಳೆಯದಲ್ಲ. ಡೈಪರ್ ಬದಲಿಸುವ ಜಾಗದ ಪಕ್ಕದಲ್ಲೇ ಸೋಪು, ನಲ್ಲಿ ಇವೆಯಾ? ಬದಲಿಸಿದ ಮೇಲೆ ಅದೇ ಕೈಯಲ್ಲಿ ಬಿಸ್ಕತ್ತು ಕೊಡುವುದನ್ನು ನಾನೇ ಒಂದು ಕಡೆ ಕಂಡೆ.

ಕೂಸುಗಳನ್ನು ಹೇಗೆ ಮಲಗಿಸುತ್ತಾರೆ ಕೇಳಿ. ಒಂದು ವರ್ಷದೊಳಗೆ ಅಂಗಾತ ಮಲಗಿಸಬೇಕು, ಹಾಸಿಗೆ ಗಟ್ಟಿಯಾಗಿರಬೇಕು, ಮುಖದ ಹತ್ತಿರ ದಿಂಬು, ಗೊಂಬೆ, ದಪ್ಪ ಹೊದಿಕೆ ಇರಬಾರದು. ಮಲಗಿರುವ ಕೋಣೆಯಲ್ಲಿ ದೊಡ್ಡವರೊಬ್ಬರು ಇರಬೇಕು. ಮಲಗಿಸುವುದಕ್ಕೆ ಅಂತ ಯಾವ ಸಿರಪ್ಪೂ ಕೊಡುವುದಿಲ್ಲ ಅನ್ನುವುದನ್ನು ಬಾಯಿಬಿಟ್ಟು ಕೇಳಿ. ಮುಜುಗರ ಆಗುವ ಪ್ರಶ್ನೆಯೇ. ಆದರೂ ಕೇಳಿ.

ಊಟದ ಬಗ್ಗೆ ಎರಡು ಮಾತು. ಗೋಡೆ ಮೇಲೆ ಅಂಟಿಸಿರುವ ಮೆನು ಓದಬೇಡಿ, ಅಡುಗೆ ಮನೆಗೆ ಹೋಗಿ ಇವತ್ತು ಏನು ಮಾಡಿದ್ದಿರಿ ಅಂತ ಅಡುಗೆಯವರನ್ನೇ ಕೇಳಿ. ರಾಗಿ ಸರಿಯೋ, ತಿಳಿಸಾರು ಅನ್ನವೋ, ಮೊಸರನ್ನವೋ, ಸಾದಾ ಊಟ ಬಿಸಿಯಾಗಿ ಸಿಕ್ಕರೆ ಸಾಕು. ಒಂದು ವರ್ಷದೊಳಗೆ ಜೇನುತುಪ್ಪ ಬೇಡ. ಇಡೀ ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ ಗಂಟಲಿಗೆ ಸಿಕ್ಕಿಕೊಳ್ಳುವಂಥವು, ಕತ್ತರಿಸದೆ ಕೊಡಬಾರದು. ಎದೆಹಾಲು ಕಳಿಸುವವರು ಫ್ರಿಜ್ ನೋಡಿ. ಹಿಂಡಿದ ಹಾಲು 25 ಡಿಗ್ರಿವರೆಗಿನ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್‌ನಲ್ಲಿ ನಾಲ್ಕು ದಿನದವರೆಗೆ ಇರುತ್ತದೆ. ಬಾಟಲಿ ಮೇಲೆ ಹೆಸರು, ತಾರೀಕು ಬರೆದಿರಲಿ. ಬಿಸಿನೀರಿನ ಬಟ್ಟಲಲ್ಲಿ ಇಟ್ಟು ಬೆಚ್ಚಗೆ ಮಾಡಬೇಕು, ಮೈಕ್ರೋವೇವ್ ಬೇಡ.

5. ಮೇಡಂ ಜೊತೆ ಅಲ್ಲ, ಆಯಾ ಜೊತೆ ಮಾತಾಡಿ

ನಮ್ಮ ಮೊದಲ ತಪ್ಪು ಇಲ್ಲಿ ಆಗಿತ್ತು. ಮೇಡಂ ಚೆನ್ನಾಗಿ ಮಾತಾಡಿದರು, ನಾವು ಕೇಳಿಸಿಕೊಂಡು ಬಂದೆವು. ಮಗುವನ್ನು ದಿನಕ್ಕೆ ಒಂಬತ್ತು ಗಂಟೆ ಎತ್ತಿಕೊಳ್ಳುವವರು ಅವರಲ್ಲ. ಮಕ್ಕಳು ಅಕ್ಕ ಅಂತ ಕರೆಯುವ ಆಯಾ.

‘ನನ್ನ ಮಗುವನ್ನು ನೋಡಿಕೊಳ್ಳುವವರು ಯಾರು? ಅವರ ಹತ್ತಿರ ಐದು ನಿಮಿಷ ಮಾತಾಡಬಹುದಾ?’ ಅಂತ ಕೇಳಿ. ಎಷ್ಟು ವರ್ಷದಿಂದ ಇಲ್ಲಿದ್ದೀರಿ? ಮನೆ ಎಲ್ಲಿ? ಮಕ್ಕಳಿದ್ದಾರಾ? ಸುಮ್ನೆ ಹೀಗೇ ಮಾತಾಡಿದರೆ ಸಾಕು. ಮೂರು ನಾಲ್ಕು ವರ್ಷದಿಂದ ಒಂದೇ ಕಡೆ ಇರುವ ಆಯಾಗಳು ಇಬ್ಬರು ಇದ್ದರೆ ಅಲ್ಲಿ ಸಂಬಳ ಸರಿಯಾಗಿ ಸಿಗುತ್ತಿದೆ, ಬೈಗುಳ ಕಡಿಮೆ ಅಂತ ಅರ್ಥ. ಹಾಗೆ ಇರುವ ಕಡೆ ಮಕ್ಕಳೂ ಚೆನ್ನಾಗಿರುತ್ತಾರೆ. ಎಲ್ಲರೂ ಹೊಸಬರಾದರೆ ಹಳಬರು ಯಾಕೆ ಹೋದರು ಅಂತ ಕೇಳಿ. ಎಲ್ಲರ ಪೊಲೀಸ್ ವೆರಿಫಿಕೇಶನ್ ಆಗಿದೆಯಾ, ಕಾಗದ ತೋರಿಸಿ ಅನ್ನಿ. ಗಂಡಸರು ಯಾರ್ಯಾರು ಒಳಗೆ ಬರುತ್ತಾರೆ? ಮಕ್ಕಳಿರುವ ಹೊತ್ತಿನಲ್ಲಿ ಪ್ಲಂಬರ್, ಎಲೆಕ್ಟ್ರಿಷಿಯನ್, ಡ್ರೈವರ್ ಯಾರನ್ನೂ ಒಳಗೆ ಬಿಡಬಾರದು ಅಂತ ಅದೇ 2018ರ ಮಾರ್ಗಸೂಚಿ ಹೇಳುತ್ತದೆ.

ಈಗ ನಮ್ಮ ಮಗಳು ಹೋಗುವುದು ಎರಡು ಕ್ರಾಸ್ ಆಚೆಗೆ, ನಿವೃತ್ತರಾದ ಒಬ್ಬ ಟೀಚರ್ ತಮ್ಮ ಮನೆಯಲ್ಲೇ ನಡೆಸುವ ಜಾಗಕ್ಕೆ. ಗೋಡೆಗೆ ಜಿರಾಫೆ ಇಲ್ಲ, ಸುಣ್ಣವೇ ಅಲ್ಲಲ್ಲಿ ಉದುರಿದೆ. ನಾನು ಹೋದ ಸಂಜೆ ಅಲ್ಲಿನ ಆಯಾ ಒಂದು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ತಟ್ಟುತ್ತಾ, ಇನ್ನೊಂದಕ್ಕೆ ಬಾಳೆಹಣ್ಣು ಕಿವುಚಿ ಕೊಡುತ್ತಿದ್ದರು. ನನ್ನನ್ನು ನೋಡಿ ಏಳಲಿಲ್ಲ. ‘ಸ್ವಲ್ಪ ಕೂತ್ಕೊಳ್ಳಿ ಸರ್, ಈಗ್ತಾನೆ ಕಣ್ಣು ಮುಚ್ತಾ ಇದೆ’ ಅಂದರು. ಅಲ್ಲೇ ತೀರ್ಮಾನ ಆಗಿಹೋಯಿತು.

ಸಿಸಿಟಿವಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಇರಲಿ, ಇದ್ದರೆ ಒಳ್ಳೆಯದೇ. ಆದರೆ ಆಫೀಸಿನಲ್ಲಿ ಕೂತು ಲೈವ್ ನೋಡುತ್ತಿದ್ದರೆ ಕೆಲಸವೂ ಆಗುವುದಿಲ್ಲ, ಸಮಾಧಾನವೂ ಆಗುವುದಿಲ್ಲ. ರೆಕಾರ್ಡಿಂಗ್ ಎಷ್ಟು ದಿನ ಉಳಿಯುತ್ತದೆ, ಬೇಕಾದಾಗ ತೋರಿಸುತ್ತಾರಾ ಅನ್ನುವುದು ಅದಕ್ಕಿಂತ ಮುಖ್ಯ.

6. ಗೇಟಿನ ಹೊರಗೆ ನಿಲ್ಲಿ

ಮಗುವನ್ನು ಕರೆದೊಯ್ಯಲು ಬರುವ ಅಪ್ಪ ಅಮ್ಮಂದಿರನ್ನು ಹಿಡಿಯಿರಿ. ಐದು ಸ್ಟಾರ್ ಕೊಟ್ಟವರನ್ನು ನಂಬುವುದಕ್ಕಿಂತ, ಡೈಪರ್ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಅವಸರದಲ್ಲಿ ಸ್ಕೂಟರ್ ತೆಗೆಯುತ್ತಿರುವವರ ಮಾತು ವಾಸಿ. ‘ನಿಮ್ಮ ಮಗುವಿಗೆ ಇಲ್ಲಿ ಏನಾದರೂ ಏಟಾಗಿತ್ತಾ? ಆಗ ಇವರು ಏನು ಮಾಡಿದರು?’ ಅಂತ ಕೇಳಿ. ಮಕ್ಕಳು ಬೀಳುತ್ತಾರೆ, ಒಬ್ಬರನ್ನೊಬ್ಬರು ಕಚ್ಚುತ್ತಾರೆ, ಅದು ಎಲ್ಲ ಕಡೆ ಇದ್ದದ್ದೇ. ಆದ ತಕ್ಷಣ ಫೋನ್ ಮಾಡಿದರಾ, ಮನೆಗೆ ಬಂದ ಮೇಲೆ ನೀವೇ ಗಾಯ ಕಂಡಿರಾ, ಅಷ್ಟೇ ನೋಡಬೇಕಾದದ್ದು.

7. ಕಾಗದದ ಕೆಲಸ

ಅಡ್ಮಿಷನ್ ಫೀ, ಅಡ್ವಾನ್ಸ್, ತಿಂಗಳ ಫೀ, ಊಟ, ಡೈಪರ್, ‘ಆಕ್ಟಿವಿಟಿ’, ತಡವಾದರೆ ದಂಡ. ಎಲ್ಲ ಕೂಡಿಸಿ ವರ್ಷಕ್ಕೆ ಎಷ್ಟು ಅಂತ ನೋಡಿ, ತಿಂಗಳಿಗೆ ಎಷ್ಟು ಅಂತ ನೋಡಿದರೆ ಮೋಸ ಹೋಗುತ್ತೀರಿ. ಅಡ್ವಾನ್ಸ್ ಯಾವಾಗ ವಾಪಸ್ ಬರುತ್ತದೆ, ಬಿಡಿಸಲು ಎಷ್ಟು ದಿನ ಮೊದಲು ಹೇಳಬೇಕು ಅನ್ನುವುದು ಬರಹದಲ್ಲಿರಲಿ. ನಮ್ಮದು ಬಾಯಿಮಾತಿನಲ್ಲಿತ್ತು, ಹೋಯಿತು.

ರಜಾ ಪಟ್ಟಿ ಕೇಳಿ. ಪ್ರೀಸ್ಕೂಲ್ ಜೊತೆ ಸೇರಿರುವ ಡೇಕೇರ್‌ಗಳು ದಸರಾ ರಜೆ, ಬೇಸಿಗೆ ರಜೆಯಲ್ಲೂ ಬಾಗಿಲು ಹಾಕುತ್ತವೆ. ಬಂದ್ ದಿನ ಏನು ಮಾಡುತ್ತಾರೆ ಅಂತಲೂ ಕೇಳಿಬಿಡಿ. 2023ರ ಸೆಪ್ಟೆಂಬರ್‌ನಲ್ಲಿ ಕಾವೇರಿ ವಿಚಾರಕ್ಕೆ 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್, ಒಂದೇ ವಾರದಲ್ಲಿ ಎರಡಾಯಿತು. ಅಂಥ ವಾರ ಮತ್ತೆ ಬರುವುದಿಲ್ಲ ಅಂತ ಏನಿಲ್ಲ.

ಮಗುವನ್ನು ಯಾರ ಕೈಗೆ ಕೊಡಬಹುದು ಅಂತ ಹೆಸರು, ಫೋಟೊ ಕೊಡಿ. ಬೇರೆ ಯಾರೇ ಬಂದರೂ, ‘ನಾನು ಅವಳ ಸೋದರಮಾವ’ ಅಂದರೂ, ನಿಮಗೆ ಫೋನ್ ಮಾಡದೆ ಬಿಡಬಾರದು. ಸೇರಿಸಿದ ಎರಡನೇ ವಾರ ನನ್ನ ತಮ್ಮನನ್ನು ಬೇಕಂತಲೇ ಕಳಿಸಿದೆ. ಅವನನ್ನು ಗೇಟಿನ ಹೊರಗೇ ನಿಲ್ಲಿಸಿ ನನಗೆ ಫೋನ್ ಮಾಡಿದರು. ಅವನಿಗೆ ಬೇಜಾರು, ನನಗೆ ಖುಷಿ.

8. ಜ್ವರ ಬಂದ ದಿನ ಯಾರ ರಜೆ?

ಮೊದಲ ವರ್ಷ ನೆಗಡಿ, ಕೆಮ್ಮು, ಭೇದಿ ಒಂದರ ಹಿಂದೆ ಒಂದು ಬರುತ್ತವೆ. ಕೈ, ಕಾಲು, ಬಾಯಿಯಲ್ಲಿ ಗುಳ್ಳೆ ಏಳುವ ಕಾಯಿಲೆ ಒಂದು ಮಗುವಿಗೆ ಬಂದರೆ ಇಡೀ ಕೋಣೆಗೆ ಸುತ್ತುತ್ತದೆ. ಜ್ವರ ಇರುವ ಮಗುವನ್ನು ಸೇರಿಸಿಕೊಳ್ಳದ ಡೇಕೇರ್ ಒಳ್ಳೆಯ ಡೇಕೇರ್. ಆ ದಿನ ನಿಮಗೆ ಕೋಪ ಬರುತ್ತದೆ, ಬರಲಿ. ಜ್ವರ ಬಂದರೆ ಸೋಮವಾರ ಮಂಗಳವಾರ ನಾನು, ಆಮೇಲೆ ನೀನು ಅಂತ ಮನೆಯಲ್ಲಿ ಮೊದಲೇ ಒಪ್ಪಂದ ಆಗಿರಲಿ. ಬೆಳಗ್ಗೆ ಏಳೂವರೆಗೆ ಥರ್ಮಾಮೀಟರ್ ಹಿಡಿದುಕೊಂಡು ಯಾರ ಮೀಟಿಂಗ್ ದೊಡ್ಡದು ಅಂತ ಜಗಳ ಆಡಬೇಡಿ. ನಾವು ಆಡಿದ್ದೇವೆ.

ತಾಯಿ ಕಾರ್ಡ್ ಅಥವಾ ಲಸಿಕೆ ಪುಸ್ತಕದ ಪ್ರತಿ ಕೇಳುತ್ತಾರಾ ನೋಡಿ. ಕೇಳದಿದ್ದರೆ ಬೇರೆ ಮಕ್ಕಳದ್ದನ್ನೂ ಕೇಳಿಲ್ಲ ಅಂತಾಯಿತು. ನೀವು ಬರೆದುಕೊಡದೆ ಯಾವ ಔಷಧವನ್ನೂ ಹಾಕಬಾರದು. ಹತ್ತಿರದ ಮಕ್ಕಳ ಆಸ್ಪತ್ರೆ ಯಾವುದು, ಯಾರು ಕರೆದುಕೊಂಡು ಹೋಗುತ್ತಾರೆ, ಉಳಿದ ಮಕ್ಕಳನ್ನು ಆಗ ಯಾರು ನೋಡುತ್ತಾರೆ ಅನ್ನುವುದಕ್ಕೆ ತಡವರಿಸದೆ ಉತ್ತರ ಬರಬೇಕು.

9. ಸೇರಿಸುವ ಮೊದಲು ಒಂದು ಚೀಟಿ ಬರೆಯಿರಿ

ಇದು ನಮಗೆ ತಡವಾಗಿ ಹೊಳೆದದ್ದು. ಮನೆಯಲ್ಲಿ ಮಗಳು ಊಟಕ್ಕೆ ಮಮ್ಮು, ನಿದ್ದೆಗೆ ತಾಚಿ ಅನ್ನುತ್ತಿದ್ದಳು. ಅವಳ ಹಳದಿ ಹೊದಿಕೆಗೆ ‘ಪೂಪು’. ಮೊದಲ ಡೇಕೇರಿನ ಮೂರನೇ ಆಯಾಗೆ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ. ಮಗು ತಾಚಿ ತಾಚಿ ಅಂತ ಅಳುತ್ತಿದ್ದರೆ ಪಾಪ ಅವರು ಚಾಕಿ ಇರಬೇಕು ಅಂತ ಚಾಕೊಲೇಟ್ ಬಿಸ್ಕತ್ತು ಕೊಡುತ್ತಿದ್ದರಂತೆ! ಅವರ ತಪ್ಪೇನಿಲ್ಲ. ಬೆಂಗಳೂರಿನಲ್ಲಿ ಆಯಾ ಯಾವ ಊರಿನಿಂದ ಬೇಕಾದರೂ ಬಂದಿರಬಹುದು. ಸುಸ್ಸು, ಕಕ್ಕ, ನೀರು, ನಿದ್ದೆ, ನೋವು, ಇಷ್ಟಕ್ಕೆ ನಿಮ್ಮ ಮಗು ಏನನ್ನುತ್ತದೆ ಅಂತ ಅವರಿಗೆ ಗೊತ್ತಿರುವ ಭಾಷೆಯಲ್ಲಿ ಬರೆದುಕೊಡಿ, ಓದಲು ಬಾರದಿದ್ದರೆ ಬಾಯಲ್ಲೇ ಹೇಳಿಕೊಡಿ. ಮಾತು ಕಲಿಯುವ ವಯಸ್ಸಿನಲ್ಲಿ ದಿನದ ಒಂಬತ್ತು ಗಂಟೆ ಕನ್ನಡ ಕಿವಿಗೆ ಬೀಳಬೇಕು ಅಂತ ನಿಮಗಿದ್ದರೆ ಒಬ್ಬರಾದರೂ ಕನ್ನಡ ಮಾತಾಡುವ ಆಯಾ ಇರುವ ಕಡೆ ನೋಡಿ. ನಾವು ನೋಡಿದೆವು.

ಬಳೆ, ಕಾಲ್ಗೆಜ್ಜೆ, ಕತ್ತಿನ ಸರ ತೆಗೆದು ಕಳಿಸಿ. ಚಿನ್ನದ ಚಿಂತೆಗಿಂತ, ಕಿತ್ತುಬಂದ ಗೆಜ್ಜೆ ಇನ್ನೊಂದು ಮಗುವಿನ ಬಾಯಿಗೆ ಹೋಗಬಹುದು. ಉಡಿದಾರಕ್ಕೆ ಮಣಿ ಇದ್ದರೆ ಅದನ್ನೂ ನೋಡಿ. ದೃಷ್ಟಿಬೊಟ್ಟು ಇರಲಿ ಬಿಡಿ.

ಕೆಲಸಕ್ಕೆ ವಾಪಸ್ ಹೋಗುವ ಎರಡು ಮೂರು ವಾರ ಮೊದಲೇ ಶುರುಮಾಡಿ. ಮೊದಲ ದಿನ ಒಂದು ಗಂಟೆ, ನೀವೂ ಅಲ್ಲೇ ಇರಿ. ಆಮೇಲೆ ಎರಡು ಗಂಟೆ, ಊಟದವರೆಗೆ, ನಿದ್ದೆಯವರೆಗೆ. ಎಂಟು ಒಂಬತ್ತು ತಿಂಗಳಿಂದ ಒಂದೂವರೆ ವರ್ಷದವರೆಗೆ ಮಕ್ಕಳು ಅಪ್ಪ ಅಮ್ಮನನ್ನು ಬಿಟ್ಟಿರಲು ತುಂಬ ಹಟ ಮಾಡುತ್ತವೆ, ಅದು ಬೆಳವಣಿಗೆಯದ್ದೇ ಒಂದು ಭಾಗ. ಕಣ್ಣು ತಪ್ಪಿಸಿ ಓಡಿಹೋಗಬೇಡಿ. ‘ಟಾಟಾ, ಸಂಜೆ ಬರ್ತೀನಿ’ ಅಂತ ಹೇಳಿ, ಒಂದು ಮುತ್ತು ಕೊಟ್ಟು, ಹಿಂತಿರುಗಿ ನೋಡದೆ ಹೊರಡಿ. ಮನೆಯಲ್ಲಿ ‘ಊಟ ಮಾಡದೇ ಹೋದ್ರೆ ಡೇಕೇರಿಗೆ ಬಿಟ್ಟು ಬರ್ತೀನಿ’ ಅನ್ನುವ ಬೆದರಿಕೆಯನ್ನು ಅವತ್ತಿನಿಂದ ನಿಲ್ಲಿಸಿ. ಗುಮ್ಮನ ಜಾಗಕ್ಕೆ ಡೇಕೇರನ್ನು ತಂದು ಕೂರಿಸಿದರೆ ಬೆಳಗ್ಗೆ ಆ ಮಗು ಹೇಗೆ ಹೋಗಬೇಕು?

10. ಸೇರಿಸಿದ ಮೇಲೆ

ತಿಂಗಳಿಗೊಮ್ಮೆಯಾದರೂ ಹೇಳದೆ ಬೇಗ ಹೋಗಿ. ದಿನಾ ಸಂಜೆ ಬಟ್ಟೆ ಬದಲಿಸುವಾಗ ಮೈ ನೋಡುವ ಅಭ್ಯಾಸ ಇರಲಿ. ಎರಡು ಮೂರು ವಾರ ಬೆಳಗ್ಗೆ ಅಳುವುದು ಸಹಜ. ನಾವು ಹೋದ ಐದು ನಿಮಿಷಕ್ಕೆ ನಿಲ್ಲಿಸಿ ಆಡುತ್ತಿದ್ದರೆ ಚಿಂತೆ ಇಲ್ಲ. ಚೆನ್ನಾಗಿ ಹೊಂದಿಕೊಂಡಿದ್ದ ಮಗು ಇದ್ದಕ್ಕಿದ್ದಂತೆ ಒಬ್ಬರನ್ನು ಕಂಡರೆ ಹೆದರುವುದು, ರಾತ್ರಿ ಬೆಚ್ಚಿಬೀಳುವುದು, ಡೈಪರ್ ಬದಲಿಸಲು ಬಿಡದಿರುವುದು, ಸಂಜೆ ಎಬ್ಬಿಸಿದರೂ ಏಳದಷ್ಟು ಮಂಪರಿನಲ್ಲಿರುವುದು ಕಂಡರೆ ನಾಳೆ ನೋಡೋಣ ಅನ್ನಬೇಡಿ. ಅವತ್ತೇ ಮಕ್ಕಳ ಡಾಕ್ಟ್ರಿಗೆ ತೋರಿಸಿ, ರೆಕಾರ್ಡಿಂಗ್ ಕೇಳಿ. ಮಕ್ಕಳ ಸಹಾಯವಾಣಿ 1098, ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಲೈಂಗಿಕ ಕಿರುಕುಳದ ಅನುಮಾನ ಬಂದರೂ ಪೊಲೀಸರಿಗೆ ತಿಳಿಸಲೇಬೇಕು ಅಂತ 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ‘ನಮ್ಮ ಸಂಸ್ಥೆ ಹೆಸರು ಹಾಳಾಗುತ್ತೆ, ಒಳಗೇ ಮುಗಿಸೋಣ’ ಅನ್ನುವ ಮಾತಿಗೆ ಅಲ್ಲಿ ಜಾಗವಿಲ್ಲ.

ಎಲ್ಲ ಸರಿ ಇದ್ದೂ ಮನಸ್ಸಿಗೆ ಸಮಾಧಾನ ಇಲ್ಲದಿದ್ದರೆ ಬದಲಿಸಿ. ಅಡ್ವಾನ್ಸ್ ಹೋಗುತ್ತಲ್ಲ ಅಂತ ನಾವು ಮೂರು ವಾರ ತಡಮಾಡಿದ್ದೆವು. ಎರಡನೇ ಸಲದ ಪಟ್ಟಿಯಲ್ಲಿ ನೋಡಿಟ್ಟುಕೊಂಡ ಇನ್ನೊಂದು ಜಾಗದ ನಂಬರ್ ಇನ್ನೂ ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇವೆ, ಅದರ ಪಕ್ಕದಲ್ಲೇ ಯಾವ ದಿನ ಯಾರು ಕರೆತರುವುದು ಅನ್ನುವ ಚೀಟಿ. ಇವತ್ತು ಗುರುವಾರ, ನನ್ನ ಸರದಿ. ಐದು ಗಂಟೆ ಆಯಿತು, ಹೊರಡುತ್ತೇನೆ.